ಅಣ್ಣಾವ್ರ 108 ದಿನ ಮತ್ತು ಮೈಸೂರು ಜೈಲಿನ ಕೀಲಿಕೈ

ಬಸವನಗುಡಿಯಿಂದ ಚಾಮರಾಜಪೇಟೆಗೆ, ಅಲ್ಲಿಂದ ಮಲ್ಲೇಶ್ವರಕ್ಕೆ ಹೋಗಿ. ದಾರಿಯಲ್ಲಿ ಯಾವುದಾದರೂ ಆಟೋ ಸ್ಟ್ಯಾಂಡಲ್ಲಿ, ಯಾವುದಾದರೂ ಅಡ್ಡರಸ್ತೆಯ ತುದಿಯಲ್ಲಿ ಡಾ. ರಾಜ್‌ಕುಮಾರ್ ಸಿಕ್ಕೇ ಸಿಗ್ತಾರೆ. ಎಲ್ಲೋ ಪುತ್ಥಳಿ, ಎಲ್ಲೋ ಬಣ್ಣ ಮಾಸಿದ ಫೋಟೊ, ನವೆಂಬರ್ ಬಂದರೆ ಹೊಸ ಹಾರ. ಹಳೇ ಬೆಂಗಳೂರಿಗೆ ಅವರು ಬರೀ ಸಿನಿಮಾ ನಟ ಆಗಿರಲಿಲ್ಲ, ಈಗಲೂ ಅಲ್ಲ.

ಅವರ ಬದುಕಿನ ಕಥೆ ಎಲ್ಲರಿಗೂ ಗೊತ್ತಿರೋದೇ. ಅದರಲ್ಲಿ 108 ದಿನಗಳ ಕಾಡಿನ ಅಧ್ಯಾಯವಂತೂ ಬಾಯಿಪಾಠ. ಆದರೆ ಆ ಅಧ್ಯಾಯವನ್ನು ನಾವು ಹೇಳಿಕೊಳ್ಳುವುದು ಸಸ್ಪೆನ್ಸ್ ಸಿನಿಮಾದ ಹಾಗೆ: ದೊಡ್ಡ ಮೀಸೆ, ಕ್ಯಾಸೆಟ್, ಸಂಧಾನಕಾರರು, ಕೊನೆಗೆ ಸುಖಾಂತ್ಯ. ಅದೇ 108 ದಿನದೊಳಗೆ ಇನ್ನೊಂದು ಕಥೆ ನಡೆಯಿತು. ಅದು ನಡೆದದ್ದು ಕಾಡಲ್ಲಲ್ಲ, ಕೋರ್ಟಲ್ಲಿ. ಒಬ್ಬ ದರೋಡೆಕೋರನ ಗ್ಯಾಂಗಿನವರೆಂದು ಜೈಲಿನಲ್ಲಿದ್ದವರನ್ನು ಸರ್ಕಾರ ಒತ್ತಡಕ್ಕೆ ಮಣಿದು ಬಿಡಬಹುದಾ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು. ಪೆರೋಲ್, ಕ್ಷಮಾದಾನ, ಕೇಸು ವಾಪಸ್ ಅಂತ ಸುದ್ದಿ ಬಂದಾಗಲೆಲ್ಲ ಆ ಉತ್ತರವನ್ನು ನೆನಪಿಸಿಕೊಳ್ಳಬೇಕು. ನಾವು ನೆನಪಿಸಿಕೊಳ್ಳೋದು ಕಡಿಮೆ.

ಗಾಜನೂರಿನ ಮುತ್ತುರಾಜ

1929ರ ಏಪ್ರಿಲ್ 24ರಂದು ಹುಟ್ಟಿದ ಹುಡುಗನಿಗೆ ಮುತ್ತತ್ತಿರಾಯನ ಹೆಸರಲ್ಲಿ ಮುತ್ತುರಾಜ ಎಂದು ಹೆಸರಿಟ್ಟರು. ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ರಂಗಭೂಮಿಯ ಹೆಸರಾಂತ ನಟ. ತಾಯಿ ಲಕ್ಷ್ಮಮ್ಮ. ಊರು ಗಾಜನೂರು. ಆಗ ಅದು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಈಗ ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಭಾಗದಲ್ಲಿದೆ. ಚಾಮರಾಜನಗರದಿಂದ ದೂರವೇನಿಲ್ಲ. ಊರ ಮಾತು ಕನ್ನಡ, ಊರ ಕಂದಾಯ ಮಾತ್ರ ಇನ್ನೊಂದು ರಾಜ್ಯಕ್ಕೆ. ಕನ್ನಡದ ಅತಿದೊಡ್ಡ ಸಾಂಸ್ಕೃತಿಕ ನಾಯಕ ನಕ್ಷೆಯ ಪ್ರಕಾರ ಕರ್ನಾಟಕದ ಹೊರಗಿನವರು ಅನ್ನೋದು ಮುಂದೆ ಈ ಕಥೆಯಲ್ಲಿ ಬಹಳ ಮುಖ್ಯವಾಗುತ್ತೆ.

ಶಾಲೆಗೆ ಹೋದದ್ದು ಕೆಲವೇ ತರಗತಿ. ಓದಿದ್ದೆಲ್ಲ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ. ಮಾತಿನ ಸ್ಪಷ್ಟತೆ, ಹಾಡು, ನಿಲುವು, ದೊಡ್ಡವರ ಮುಂದೆ ತಗ್ಗಿ ನಡೆಯೋ ರೀತಿ, ಎಲ್ಲ ಅಲ್ಲೇ ಬಂದದ್ದು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ'ದ ಮೂಲಕ ನಾಯಕನಾದರು, ಮುತ್ತುರಾಜ ರಾಜ್‌ಕುಮಾರ್ ಆದರು. ಆಮೇಲೆ 200ಕ್ಕೂ ಹೆಚ್ಚು ಚಿತ್ರ. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1983ರಲ್ಲಿ ಪದ್ಮಭೂಷಣ, 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ.

1982ರಲ್ಲಿ ಗೋಕಾಕ್ ವರದಿ ಜಾರಿಗೆ ಒತ್ತಾಯಿಸಿ ಬೀದಿಗಿಳಿದಾಗ ಅವರು ನಟನಷ್ಟೇ ಆಗಿ ಉಳಿಯಲಿಲ್ಲ. ಸಾಹಿತಿಗಳು ನಡೆಸುತ್ತಿದ್ದ ಚಳವಳಿ ಅವರು ಬಂದ ಮೇಲೆ ಜನರ ಚಳವಳಿಯಾಯಿತು. ರಾಜಕೀಯ ಪಕ್ಷ ಕಟ್ಟುತ್ತಾರೆಂದು ಕಾದವರಿದ್ದರು. ಪಕ್ಕದ ಎರಡು ರಾಜ್ಯಗಳಲ್ಲಿ ಸಿನಿಮಾ ನಟರು ಮುಖ್ಯಮಂತ್ರಿಗಳಾದ ಕಾಲ ಅದು. ಎಂ.ಜಿ.ಆರ್. ಆಗಲೇ ಅಧಿಕಾರದಲ್ಲಿದ್ದರು, 1983ರಲ್ಲಿ ಎನ್.ಟಿ.ಆರ್. ಬಂದರು. ರಾಜ್‌ಕುಮಾರ್ ಮಾತ್ರ ಚುನಾವಣೆಗೆ ನಿಲ್ಲಲಿಲ್ಲ. ಅಧಿಕಾರ ಬೇಡ ಎಂದ ಮನುಷ್ಯನ ಮೇಲೆ ಜನರಿಗಿದ್ದ ಪ್ರೀತಿಯೇ ಒಂದು ದೊಡ್ಡ ಅಧಿಕಾರವಾಗಿ ಬೆಳೆಯಿತು. ಅದನ್ನು ಅವರು ಬಳಸಲಿಲ್ಲ. ಆದರೆ ಬೇರೆಯವರಿಗೆ ಅದು ಕಾಣಿಸುತ್ತಿತ್ತು.

1973ರಲ್ಲಿ ಅವರದ್ದೊಂದು ಚಿತ್ರ ಬಂದಿತ್ತು, 'ಗಂಧದ ಗುಡಿ'. ಎಂ.ಪಿ. ಶಂಕರ್ ನಿರ್ಮಾಣ, ವಿಜಯ್ ನಿರ್ದೇಶನ. ಅದರಲ್ಲಿ ಅವರು ಗಂಧ, ಮರ, ಪ್ರಾಣಿಗಳನ್ನು ಕಳ್ಳಸಾಗಣೆದಾರರಿಂದ ಕಾಯುವ ಅರಣ್ಯಾಧಿಕಾರಿ. ಅದು ತೆರೆಗೆ ಬಂದ ಹೊತ್ತಿಗೆ, ಗಾಜನೂರಿನ ಪೂರ್ವಕ್ಕಿರುವ ಬೆಟ್ಟಸಾಲಿನಲ್ಲಿ ಒಬ್ಬ ಯುವಕ ಆನೆ ಬೇಟೆ ಕಲಿಯುತ್ತಿದ್ದ.

ಅದೇ ಕಾಡಿನ ಇನ್ನೊಬ್ಬ

ವೀರಪ್ಪನ್ ಹುಟ್ಟಿದ್ದು 1952ರಲ್ಲಿ, ಮಲೆ ಮಹದೇಶ್ವರ ಬೆಟ್ಟದಾಚೆಯ ಗೋಪಿನಾಥಂನಲ್ಲಿ. ಅದು ಕರ್ನಾಟಕದ ಊರು, ಮನೆಮಾತು ತಮಿಳು. ಗಡಿಯ ಆ ಕಡೆ ಹುಟ್ಟಿ ಕನ್ನಡದ ಕಣ್ಮಣಿಯಾದವರು ಒಬ್ಬರು, ಈ ಕಡೆ ಹುಟ್ಟಿ ಮುಂದೊಂದು ದಿನ ತಮಿಳರ ಪರ ಬೇಡಿಕೆ ಇಟ್ಟವನು ಇನ್ನೊಬ್ಬ. ಗಡಿನಾಡಿನಲ್ಲಿ ಇದೇನೂ ವಿಚಿತ್ರವಲ್ಲ.

ವೀರಪ್ಪನ್‌ನದ್ದು ಒಂಟಿ ಕಳ್ಳನ ಕೆಲಸವಾಗಿರಲಿಲ್ಲ. ದಂತ, ಗಂಧ ಎರಡೂ ಕಾಡಿಂದ ಹೊರಬಂದು ಪೇಟೆ ಸೇರಬೇಕಾದರೆ ಕಡಿಯೋರು, ಹೊರೋರು, ಲಾರಿಯವರು, ಕೊಳ್ಳೋರು, ಕಣ್ಣು ಮುಚ್ಚಿಕೊಳ್ಳೋ ಅಧಿಕಾರಿಗಳು ಎಲ್ಲರೂ ಬೇಕು. 1986ರಲ್ಲಿ ಒಮ್ಮೆ ಸಿಕ್ಕಿಬಿದ್ದಿದ್ದ. ಬೂದಿಪಡಗದ ಅರಣ್ಯ ವಸತಿಗೃಹದಲ್ಲಿ ಇಟ್ಟಿದ್ದರು, ಅಲ್ಲಿಂದ ತಪ್ಪಿಸಿಕೊಂಡ. ಆ ತಪ್ಪಿಸಿಕೊಳ್ಳುವಿಕೆಯ ಹಿಂದೆ ಲಂಚ ಇತ್ತು ಎಂಬ ಮಾತು ಆ ಭಾಗದಲ್ಲಿ ಇಂದಿಗೂ ಹೋಗಿಲ್ಲ. ಆಮೇಲೆ ನಡೆದ ಒಂದೊಂದು ಸಾವಿಗೂ ಆ ಒಂದು ರಾತ್ರಿಯ ಲೆಕ್ಕ ಸೇರಬೇಕು.

1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗುವ ನೆಪದಲ್ಲಿ ಕರೆಸಿ ಕೊಂದ. ಗೋಪಿನಾಥಂನ ಜನರಿಗೆ ಮನೆ, ಔಷಧಿ ಅಂತ ಓಡಾಡಿದ್ದ ಅಧಿಕಾರಿ ಅವರು. 1992ರ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಜೊತೆಗಿದ್ದ ಸಿಬ್ಬಂದಿಯನ್ನು ಹೊಂಚು ಹಾಕಿ ಕೊಂದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಹೋದರು.

ಇದಕ್ಕೆ ಎರಡು ರಾಜ್ಯಗಳ ಉತ್ತರ ವಿಶೇಷ ಕಾರ್ಯಪಡೆ ಮತ್ತು ಟಾಡಾ. ಕಾಡಂಚಿನ ಹಳ್ಳಿಗಳಿಂದ ಗಂಡಸರು, ಹೆಂಗಸರು ಸಾಲುಸಾಲಾಗಿ ಬಂಧನವಾದರು. ಅಕ್ಕಿ ಕೊಟ್ಟವರು, ಕೊಡದವರು, ನೋಡಿದವರು, ನೋಡದವರು. ಟಾಡಾದಲ್ಲಿ ಜಾಮೀನು ಸಿಗೋದು ಬಹಳ ಕಷ್ಟ. 1995ರಲ್ಲಿ ಆ ಕಾಯ್ದೆಯ ಅವಧಿಯೇ ಮುಗಿಯಿತು, ಆದರೆ ಅದರಡಿ ಹಾಕಿದ್ದ ಕೇಸುಗಳು ಮುಗಿಯಲಿಲ್ಲ. ಮೈಸೂರು ಜೈಲಿನಲ್ಲಿ ಜನ ವರ್ಷಗಟ್ಟಲೆ ವಿಚಾರಣೆಗೆ ಕಾಯುತ್ತಾ ಕೂತರು. ಕಾರ್ಯಪಡೆಯ ಚಿತ್ರಹಿಂಸೆಯ ದೂರುಗಳನ್ನು ನೋಡಲು ರಾಷ್ಟ್ರೀಯ ಮಾನವ ಹಕ್ಕು ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿ ಮಾಡಿತ್ತು. ಅದರ ಕೆಲಸಕ್ಕೂ ಕೋರ್ಟಿನ ತಡೆ ಬಿದ್ದಿತ್ತು.

ಅಂದರೆ 2000ನೇ ಇಸವಿ ಹೊತ್ತಿಗೆ ಪರಿಸ್ಥಿತಿ ಹೀಗಿತ್ತು: ಕೊಂದವನು ಹೊರಗೆ, ಅವನ ಕಡೆಯವರೆನ್ನಿಸಿಕೊಂಡವರು ಒಳಗೆ, ಸತ್ತವರ ಮನೆಯವರು ತೀರ್ಪಿಗಾಗಿ ಕಾಯುತ್ತಾ.

ಜುಲೈ 30ರ ರಾತ್ರಿ

2000ದ ಜುಲೈ 30. ರಾಜ್‌ಕುಮಾರ್ ಅವರಿಗೆ 71 ವರ್ಷ. ಗಾಜನೂರಿನ ತೋಟದ ಮನೆಗೆ ಹೋಗಿದ್ದರು. ಇಂಥದ್ದೊಂದು ಆಗಬಹುದೆಂಬ ಎಚ್ಚರಿಕೆ ಗುಪ್ತಚರರಿಂದ ಮೊದಲೇ ಇತ್ತು. ಆದರೂ ಹುಟ್ಟೂರಿಗೆ ಹೋಗಬೇಡಿ ಅಂದರೆ ಅವರು ಕೇಳುವವರಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ವೀರಪ್ಪನ್ ತಂಡ ಒಳನುಗ್ಗಿತು. ರಾಜ್‌ಕುಮಾರ್ ಜೊತೆ ಅಳಿಯ ಎಸ್.ಎ. ಗೋವಿಂದರಾಜ್ ಸೇರಿ ಇನ್ನೂ ಮೂವರನ್ನು ಕರೆದುಕೊಂಡು ಹೋದರು. ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟು ಹೋದರು. ಅವರು ರಾತ್ರೋರಾತ್ರಿ ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ವಿಷಯ ತಿಳಿಸಿದರು.

ಬೆಂಗಳೂರು ನಿಂತುಹೋಯಿತು. ಗಾಂಧಿನಗರದಲ್ಲಿ ಶೂಟಿಂಗ್ ಇಲ್ಲ, ಥಿಯೇಟರ್ ಬಾಗಿಲು ಮುಚ್ಚಿತು, ಶಾಲೆಗಳಿಗೆ ರಜೆ. ದೇವಸ್ಥಾನಗಳಲ್ಲಿ ಪೂಜೆ, ರಸ್ತೆಯಲ್ಲಿ ಬಂದ್. ಮಲ್ಲೇಶ್ವರದ ಬೆನ್ನಿಗಿರುವ ಶ್ರೀರಾಮಪುರದಂಥ ಕಡೆ ತಲೆಮಾರುಗಳಿಂದ ಇರುವ ತಮಿಳು ಕುಟುಂಬಗಳಿಗೆ 1991ರ ಡಿಸೆಂಬರ್ ನೆನಪಾಯಿತು. ಕಾವೇರಿ ಗಲಾಟೆಯಲ್ಲಿ ಏನಾಗಿತ್ತೆಂದು ಊರಿಗೆಲ್ಲ ಗೊತ್ತಿತ್ತು. ಅಣ್ಣಾವ್ರಿಗೆ ಏನಾದರೂ ಆದರೆ ಎಂಬ ಮಾತನ್ನು ಯಾರೂ ಪೂರ್ತಿ ಮಾಡುತ್ತಿರಲಿಲ್ಲ.

ಮುಂದೆ ಬಂದ ಬೇಡಿಕೆಗಳು ಹತ್ತು. ಕಾವೇರಿ ನೀರಿಗೆ ಶಾಶ್ವತ ಪರಿಹಾರ, 1991ರ ಗಲಭೆಯ ಸಂತ್ರಸ್ತರಿಗೆ ಪರಿಹಾರ, ಬೆಂಗಳೂರಲ್ಲಿ ತಿರುವಳ್ಳುವರ್ ಪ್ರತಿಮೆ ಅನಾವರಣ, ಕರ್ನಾಟಕದ ಆಡಳಿತದಲ್ಲಿ ತಮಿಳಿಗೆ ಸ್ಥಾನ, ಸದಾಶಿವ ಸಮಿತಿಯ ಮೇಲಿನ ತಡೆ ತೆರವು, ನೀಲಗಿರಿಯ ಹಸಿ ಚಹಾ ಎಲೆಗೆ ಕಿಲೋಗೆ 15 ರೂಪಾಯಿ, ಮಾಂಜೋಲೈ ತೋಟದ ಕಾರ್ಮಿಕರಿಗೆ ದಿನಕ್ಕೆ 150 ರೂಪಾಯಿ ಕೂಲಿ. ಒಬ್ಬ ದಂತಚೋರನ ಬಾಯಲ್ಲಿ ಚಹಾ ಎಲೆಯ ಬೆಲೆ ಯಾಕೆ ಬಂತು? ಅವನ ಜೊತೆ ಆಗ ತಮಿಳು ಉಗ್ರಗಾಮಿ ಗುಂಪಿನವರು ಸೇರಿಕೊಂಡಿದ್ದರು. ಬೇಡಿಕೆಗಳಿಗೆ ರಾಜಕೀಯದ ಬಣ್ಣ ಬಂದದ್ದು ಹಾಗೆ.

ಇವೆಲ್ಲದರ ನಡುವೆ ತಕ್ಷಣ ಮಾಡಿ ತೋರಿಸಬಹುದಾದ ಬೇಡಿಕೆ ಎರಡಿದ್ದವು: ಕರ್ನಾಟಕದ ಜೈಲಿನಲ್ಲಿರುವ ಟಾಡಾ ಬಂಧಿಗಳ ಬಿಡುಗಡೆ, ತಮಿಳುನಾಡಿನ ಜೈಲಿನಲ್ಲಿದ್ದ ಐವರ ಬಿಡುಗಡೆ. ಕಾವೇರಿಯನ್ನು ಒಂದು ವಾರದಲ್ಲಿ ಬಗೆಹರಿಸೋಕಾಗಲ್ಲ, ಜೈಲಿನ ಬಾಗಿಲು ಮಾತ್ರ ತೆಗೀಬಹುದು ಎಂದು ಎರಡೂ ಸರ್ಕಾರಗಳು ಅಂದುಕೊಂಡವು.

ಕೋರ್ಟಿಗೆ ಹೋದ ಅಪ್ಪ

ಇಲ್ಲಿ ಕಾನೂನಿನ ಕೆಲಸ ಹೇಗೆ ಅಂತ ಸ್ವಲ್ಪ ನೋಡಬೇಕು. ಕೋರ್ಟಿನಲ್ಲಿರುವ ಕ್ರಿಮಿನಲ್ ಕೇಸನ್ನು ಸರ್ಕಾರ ತಾನಾಗಿ ವಾಪಸ್ ಪಡೆಯೋಕೆ ಬರಲ್ಲ. ಆಗಿನ ಅಪರಾಧ ಪ್ರಕ್ರಿಯಾ ಸಂಹಿತೆಯ 321ನೇ ಕಲಂ ಪ್ರಕಾರ ಅರ್ಜಿ ಹಾಕಬೇಕಾದವರು ಸರ್ಕಾರಿ ಅಭಿಯೋಜಕರು, ಒಪ್ಪಬೇಕಾದದ್ದು ನ್ಯಾಯಾಲಯ. ಸರ್ಕಾರ ಸಲಹೆ ಕೊಡಬಹುದು, ಹುಕುಂ ಮಾಡುವಂತಿಲ್ಲ. ಅಭಿಯೋಜಕರು ಕಡತ ನೋಡಿ, ಇದು ಸಾರ್ವಜನಿಕ ಹಿತಕ್ಕೆ ಸರಿಯಾ ಎಂದು ತಾವೇ ತೂಗಿ ನೋಡಬೇಕು.

2000ದ ಆಗಸ್ಟ್‌ನಲ್ಲಿ ಕರ್ನಾಟಕದ ವಿಶೇಷ ಅಭಿಯೋಜಕರು ಮೈಸೂರಿನ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟರು. ಬಂಧನದಲ್ಲಿದ್ದ 51 ಮಂದಿಯ ಮೇಲಿನ ಟಾಡಾ ಆರೋಪಗಳನ್ನು ಕೈಬಿಡಲು ಅನುಮತಿ ಕೇಳಿದರು. ಟಾಡಾ ಹೋದರೆ ಉಳಿಯೋದು ಸಾಮಾನ್ಯ ಕಾನೂನಿನ ಆರೋಪಗಳು, ಆಗ ಜಾಮೀನು ಸುಲಭ. ಅದೇ ಲೆಕ್ಕಾಚಾರ. ಕೊಟ್ಟ ಕಾರಣ ಶಾಂತಿ, ಸುವ್ಯವಸ್ಥೆ. ನ್ಯಾಯಾಲಯ ಒಪ್ಪಿಬಿಟ್ಟಿತು.

ಆಗ ಎದ್ದು ನಿಂತವರು ಅಬ್ದುಲ್ ಕರೀಂ. ಮೀಣ್ಯಂನಲ್ಲಿ ಸತ್ತ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ, ತಾವೂ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಇಡೀ ರಾಜ್ಯ ರಾಜ್‌ಕುಮಾರ್ ಬರಲಿ ಎಂದು ಹರಕೆ ಹೊರುತ್ತಿದ್ದಾಗ ಇವರು ಆ ಬಿಡುಗಡೆ ಬೇಡ ಎಂದು ದೆಹಲಿಯವರೆಗೆ ಹೋದರು. ಆ ದಿನಗಳ ಬೆಂಗಳೂರು, ಮೈಸೂರುಗಳಲ್ಲಿ ಅದು ಎಷ್ಟು ಒಂಟಿ ಕೆಲಸವಾಗಿದ್ದಿರಬೇಕೆಂದು ಊಹಿಸಿ. ಅವರಿಗೆ ರಾಜ್‌ಕುಮಾರ್ ಮೇಲೆ ಯಾವ ಸಿಟ್ಟೂ ಇರಬೇಕಾದ ಕಾರಣವಿಲ್ಲ. ಅವರ ಪ್ರಶ್ನೆ ಸರ್ಕಾರಕ್ಕೆ: ನಿಮ್ಮ ಕೆಲಸಕ್ಕೆ ಹೋಗಿ ಸತ್ತ ನನ್ನ ಮಗನ ಕೇಸನ್ನು ಯಾರನ್ನು ಕೇಳಿ ಬಿಡುತ್ತಿದ್ದೀರಿ?

ಸುಪ್ರೀಂ ಕೋರ್ಟ್ ಮೊದಲು ತಡೆ ಕೊಟ್ಟಿತು. 2000ದ ನವೆಂಬರ್ 7ರಂದು ನ್ಯಾಯಮೂರ್ತಿಗಳಾದ ಎಸ್.ಪಿ. ಭರೂಚ, ಡಿ.ಪಿ. ಮಹಾಪಾತ್ರ, ವೈ.ಕೆ. ಸಬರ್ವಾಲ್ ಅವರ ಪೀಠ ತೀರ್ಪು ಕೊಟ್ಟಿತು. ಮೈಸೂರು ನ್ಯಾಯಾಲಯದ ಅನುಮತಿ ರದ್ದು. ತಮಿಳುನಾಡಿನ ಐವರ ವಿಷಯದಲ್ಲೂ ಸರ್ಕಾರಕ್ಕೆ ಹಿನ್ನಡೆ. ಕಾರಣಗಳು ಸರಳ. ಅಭಿಯೋಜಕರು ಸ್ವತಂತ್ರವಾಗಿ ಯೋಚಿಸಿದ್ದಕ್ಕೆ ಕಡತದಲ್ಲಿ ಏನೂ ಇಲ್ಲ. ಸರ್ಕಾರ ತೀರ್ಮಾನಿಸಿತ್ತು, ಅವರು ಅರ್ಜಿಯಾಗಿ ತಂದರು, ಅಷ್ಟೇ. ಬಿಟ್ಟವರು ಮತ್ತೆ ಕಾಡು ಸೇರಿದರೆ ಏನು? ಇವರನ್ನು ಬಿಟ್ಟ ಮೇಲೂ ರಾಜ್‌ಕುಮಾರ್ ಬರದಿದ್ದರೆ ಏನು? ನಾಳೆ ಇನ್ನೊಬ್ಬರನ್ನು ಹೊತ್ತೊಯ್ದರೆ? ಪ್ರಾಣ ಕೊಟ್ಟ ಪೊಲೀಸರ ಮನೋಬಲ ಏನಾಗಬೇಕು? ಈ ಯಾವುದನ್ನೂ ತೂಗಿ ನೋಡಿರಲಿಲ್ಲ. ಅಷ್ಟು ವರ್ಷ ವೀರಪ್ಪನ್‌ನನ್ನು ಹಿಡಿಯದೆ ಬಿಟ್ಟ ಎರಡೂ ಸರ್ಕಾರಗಳಿಗೆ ನ್ಯಾಯಮೂರ್ತಿಗಳಿಂದ ಕಟುವಾದ ಮಾತು ಬಿತ್ತು.

ಸರ್ಕಾರದ ವಾದವನ್ನು ಪೂರ್ತಿ ತಳ್ಳಿಹಾಕೋದು ನ್ಯಾಯವಲ್ಲ. ಅಪಹೃತನ ಜೀವ, ಲಕ್ಷಾಂತರ ತಮಿಳರ ಸುರಕ್ಷತೆ, ಎರಡು ರಾಜ್ಯಗಳ ನಡುವಿನ ಶಾಂತಿ, ಎಲ್ಲ ನಿಜವಾದ ಚಿಂತೆಗಳೇ. ವಿಧಾನಸೌಧದಲ್ಲಿ ಆ ಕುರ್ಚಿಯಲ್ಲಿ ಕೂತವರಿಗೆ ನಿದ್ದೆ ಬಂದಿರಲಿಕ್ಕಿಲ್ಲ. ಆದರೆ ಭಯ ನಿಜವಾಗಿದ್ದರೂ ಅಭಿಯೋಜಕರು ಮತ್ತು ಕೋರ್ಟು ಮಾಡಬೇಕಾದ ಕೆಲಸವನ್ನು ಅದು ಮಾಡಲಾಗದು. ತೀರ್ಪಿನ ತಿರುಳು ಇಷ್ಟು.

ವಾಪಸ್ ಬಂದದ್ದು, ಮತ್ತು ವಾಪಸ್ ಬರದ ವರ್ಷಗಳು

ತೀರ್ಪು ಬಂದಾಗ ಎಲ್ಲರ ಎದೆ ಧಸಕ್ಕೆಂದಿತ್ತು. ಇನ್ನೇನು ಗತಿ ಅಂದುಕೊಂಡರು. ಎಂಟು ದಿನಕ್ಕೆ, ನವೆಂಬರ್ 15ರಂದು, ರಾಜ್‌ಕುಮಾರ್ ಹೊರಬಂದರು. ಸೆಪ್ಟೆಂಬರ್‌ನಲ್ಲೇ ಜೊತೆಯಲ್ಲಿದ್ದ ನಾಗಪ್ಪ ಮಾರಡಗಿ ತಪ್ಪಿಸಿಕೊಂಡು ಬಂದಿದ್ದರು. ನಕ್ಕೀರನ್ ಗೋಪಾಲ್ ಹಲವು ಸಲ ಕಾಡಿಗೆ ಹೋಗಿ ಬಂದಿದ್ದರು, ಕೊನೆಗೆ ಪಿ. ನೆಡುಮಾರನ್ ತಂಡವೂ ಹೋಯಿತು. ಟಾಡಾ ಬಂಧಿಗಳು ಮಾತ್ರ ಜೈಲಿನಲ್ಲೇ ಇದ್ದರು. ಅತಿಮುಖ್ಯವೆಂದು ಸರ್ಕಾರ ನಂಬಿದ್ದ ಬೇಡಿಕೆ ಈಡೇರದೆಯೇ ಅಣ್ಣಾವ್ರು ಮನೆಗೆ ಬಂದರು.

ಹಾಗಾದರೆ ಬಿಟ್ಟದ್ದು ಯಾಕೆ? ಹಣ ಸಂದಾಯವಾಯಿತೆಂದು ಆಗಿನ ಡಿಜಿಪಿ ಸಿ. ದಿನಕರ್ ನಿವೃತ್ತಿಯ ಬಳಿಕ ಪುಸ್ತಕವನ್ನೇ ಬರೆದರು. ಸರ್ಕಾರ ಒಪ್ಪಲಿಲ್ಲ. ಜೈಲಿನ ವಿಷಯದಲ್ಲಿ ಏನು ನಡೆಯಿತೆಂದು ಇವತ್ತು ನಮಗೆ ಗೊತ್ತಿದೆ, ಯಾಕಂದ್ರೆ ಅದು ತೆರೆದ ಕೋರ್ಟಿಗೆ ಬಂತು, ತೀರ್ಪಾಗಿ ಉಳಿಯಿತು. ಮುಚ್ಚಿದ ಬಾಗಿಲ ಹಿಂದೆ ನಡೆದ ಮಾತುಕತೆ ಮಾತ್ರ 25 ವರ್ಷ ಕಳೆದರೂ ಗಾಳಿಸುದ್ದಿಯಾಗಿಯೇ ಇದೆ.

ಮುಂದಿನ ತಿರುವು ಇನ್ನೂ ಕಹಿ. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಹೆಚ್ಚಿನವರು ಖುಲಾಸೆಯಾದರು. ಅಷ್ಟು ವರ್ಷ ಒಳಗಿದ್ದು, ತಪ್ಪಿತಸ್ಥರಲ್ಲ ಅನ್ನಿಸಿಕೊಂಡು ಹೊರಬಂದರು. ಪಾಲಾರ್ ಪ್ರಕರಣದಲ್ಲಿ ಸೈಮನ್, ಜ್ಞಾನಪ್ರಕಾಶ್, ಮೀಸೆಕಾರ ಮಾದಯ್ಯ, ಬಿಲವೇಂದ್ರನ್‌ಗೆ ಆಗಿದ್ದ ಜೀವಾವಧಿಯನ್ನು 2004ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ತೀರ್ಮಾನಿಸುವಲ್ಲಿ ಆದ ವಿಳಂಬದ ಕಾರಣಕ್ಕೆ 2014ರಲ್ಲಿ ಅದು ಮತ್ತೆ ಜೀವಾವಧಿಯಾಯಿತು. 2007ರಲ್ಲಿ ಮಾನವ ಹಕ್ಕು ಆಯೋಗ ಕಾರ್ಯಪಡೆಯ ದೌರ್ಜನ್ಯಕ್ಕೆ ಸಿಕ್ಕ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಹೇಳಿತು.

ಹಾಗಾದರೆ ಅಬ್ದುಲ್ ಕರೀಂ ತಪ್ಪು ಮಾಡಿದರಾ? ಇಲ್ಲ. ಒಳಗಿದ್ದ ಅಮಾಯಕರು ಹೊರಬರಬೇಕಾದದ್ದು ಖಂಡಿತ. ಆದರೆ ಯಾರು ಅಮಾಯಕರು, ಯಾರು ಅಲ್ಲ ಎಂದು ಸಾಕ್ಷಿ ನೋಡಿ ಹೇಳಬೇಕಾದದ್ದು ಕೋರ್ಟು. 51 ಹೆಸರನ್ನೂ ಒಂದೇ ಪಟ್ಟಿಯಲ್ಲಿ ಬಿಟ್ಟಿದ್ದರೆ ನಿರಪರಾಧಿಯ ತಲೆ ಮೇಲೆ ಸಾಯುವವರೆಗೂ ವೀರಪ್ಪನ್ ಬಿಡಿಸಿದವನು ಎಂಬ ಹಣೆಪಟ್ಟಿ ಇರುತ್ತಿತ್ತು. 2001ರ ಖುಲಾಸೆ ಅವರಿಗೆ ಕೊಟ್ಟದ್ದು ಕೋರ್ಟಿನ ಮಾತು. ತಪ್ಪು ಇದ್ದದ್ದು ಆ ಮಾತು ಬರಲು ಅಷ್ಟು ವರ್ಷ ಹಿಡಿಯಿತಲ್ಲ, ಅಲ್ಲಿ. 1995ರಲ್ಲೋ 96ರಲ್ಲೋ ವಿಚಾರಣೆ ಮುಗಿಸಿದ್ದರೆ ವೀರಪ್ಪನ್ ಕೈಲಿ ಆ ಬೇಡಿಕೆಯೇ ಇರುತ್ತಿರಲಿಲ್ಲ. ನ್ಯಾಯ ತಡವಾದ ಕಡೆ ಬಂದೂಕಿನವನಿಗೆ ನ್ಯಾಯದ ಮಾತಾಡುವ ಅವಕಾಶ ಸಿಕ್ಕಿಬಿಡುತ್ತೆ.

ವೀರಪ್ಪನ್ 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ತಮಿಳುನಾಡು ಕಾರ್ಯಪಡೆಯ ಗುಂಡಿಗೆ ಸತ್ತ. ಅದಕ್ಕೂ ಮೊದಲು, 2002ರಲ್ಲಿ, ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಹೊತ್ತೊಯ್ದಿದ್ದ. ಅವರು ಹೆಣವಾಗಿ ಸಿಕ್ಕರು. ಸುಪ್ರೀಂ ಕೋರ್ಟ್ ಕೇಳಿದ್ದ ಇನ್ನೊಬ್ಬರನ್ನು ಹೊತ್ತೊಯ್ದರೆ ಎಂಬ ಪ್ರಶ್ನೆ ಎರಡೇ ವರ್ಷದಲ್ಲಿ ನಿಜವಾಯಿತು. ರಾಜ್‌ಕುಮಾರ್ ಅಪಹರಣದ ಕೇಸು 2018ರ ಸೆಪ್ಟೆಂಬರ್‌ನಲ್ಲಿ ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯದಲ್ಲಿ ಮುಗಿಯಿತು. ಉಳಿದಿದ್ದ ಒಂಬತ್ತೂ ಆರೋಪಿಗಳು ಖುಲಾಸೆ. ಕನ್ನಡಿಗರ ಪಾಲಿಗೆ ಅಷ್ಟು ದೊಡ್ಡದಾಗಿದ್ದ ಅಪರಾಧಕ್ಕೆ ಒಬ್ಬರಿಗೂ ಶಿಕ್ಷೆಯಾಗಲಿಲ್ಲ.

ಪ್ರೀತಿಯೂ ಒಂದು ಪ್ರಭಾವ

ಕಾಡಿಂದ ಬಂದ ಮೇಲೆ ರಾಜ್‌ಕುಮಾರ್ ಮತ್ತೆ ಚಿತ್ರ ಮಾಡಲಿಲ್ಲ. 2000ದಲ್ಲಿ ತೆರೆಕಂಡಿದ್ದ 'ಶಬ್ದವೇಧಿ'ಯೇ ಕೊನೆಯದು. 2006ರ ಏಪ್ರಿಲ್ 12ರಂದು ಸದಾಶಿವನಗರದ ಮನೆಯಲ್ಲಿ ತೀರಿಕೊಂಡರು. ಕಣ್ಣುಗಳನ್ನು ದಾನ ಮಾಡಿದ್ದರು. ಆ ದಿನ, ಮರುದಿನ ಬೆಂಗಳೂರು ಹೊತ್ತಿ ಉರಿಯಿತು. ಬಸ್ಸು, ಅಂಗಡಿ, ಕಚೇರಿಗಳ ಮೇಲೆ ಕಲ್ಲು. ಒಬ್ಬ ಪೊಲೀಸ್ ಪೇದೆ ಸೇರಿ ಹಲವರು ಸತ್ತರು. ಮನೆಯಲ್ಲಿ ಶಾಂತವಾಗಿ ಬಂದ ಸಾವಿಗೇ ಊರು ಹೀಗಾದರೆ, 2000ದಲ್ಲಿ ಸರ್ಕಾರ ಹೆದರಿದ್ದು ಸುಮ್ಮನೆ ಅಲ್ಲ ಅನ್ನೋದು ಅವತ್ತು ಎಲ್ಲರಿಗೂ ಅರ್ಥವಾಯಿತು. ಜೀವಮಾನವಿಡೀ ಅಭಿಮಾನಿಗಳನ್ನು ದೇವರೆಂದು ಕರೆದ ಮನುಷ್ಯನಿಗೆ ಸಿಗಬೇಕಾಗಿದ್ದ ವಿದಾಯ ಅದಲ್ಲ.

ಜೈಲಿನ ವಿಷಯದಲ್ಲಿ ಪ್ರಭಾವ ಅಂದರೆ ನಮಗೆ ನೆನಪಾಗೋದು ದುಡ್ಡು, ಮಂತ್ರಿಯ ಫೋನು. 2017ರಲ್ಲಿ ಡಿ. ರೂಪಾ ಅವರು ಪರಪ್ಪನ ಅಗ್ರಹಾರದಲ್ಲಿ ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು ವರದಿ ಕೊಟ್ಟಾಗ ಚರ್ಚೆಯಾದದ್ದು ಅದೇ. 2024ರ ಆಗಸ್ಟ್‌ನಲ್ಲಿ ಕೊಲೆ ಆರೋಪಿ ನಟ ದರ್ಶನ್ ಅದೇ ಜೈಲಿನ ಅಂಗಳದಲ್ಲಿ ರೌಡಿ ವಿಲ್ಸನ್ ಗಾರ್ಡನ್ ನಾಗನ ಜೊತೆ ಕೂತ ಫೋಟೊ ಬಂದಾಗಲೂ ಅದೇ. ಅವರಿಗೆ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ರಾಜ್‌ಕುಮಾರ್ ಅವರನ್ನು ಈ ಸಾಲಿನಲ್ಲಿ ಸೇರಿಸೋದು ಅನ್ಯಾಯ. ಅವರು ಆರೋಪಿಯಲ್ಲ, ಅಪಹೃತ. ತಮ್ಮ ಹೆಸರಲ್ಲಿ ಯಾರನ್ನೂ ಬಿಡಿ ಎಂದು ಅವರು ಸರ್ಕಾರದ ಮೇಲೆ ಪ್ರಭಾವ ಬೀರಿದವರಲ್ಲ. ಆದರೆ ಜನರ ಪ್ರೀತಿಯನ್ನೇ ಒತ್ತಡವಾಗಿ ಬಳಸಬಹುದೆಂದು ವೀರಪ್ಪನ್‌ಗೆ ಗೊತ್ತಿತ್ತು, ಸರ್ಕಾರಕ್ಕೂ ಗೊತ್ತಿತ್ತು. ಲಂಚದ ಒತ್ತಡವನ್ನು ಕೆಟ್ಟದ್ದು ಅಂತ ಗುರುತಿಸೋದು ಸುಲಭ. ಇಡೀ ಊರಿನ ಕಣ್ಣೀರಿನ ಒತ್ತಡವನ್ನು ಗುರುತಿಸೋದು ಕಷ್ಟ, ಯಾಕಂದ್ರೆ ಅಳುವವರಲ್ಲಿ ನಾವೂ ಇರ್ತೀವಿ.

ಅಬ್ದುಲ್ ಕರೀಂ ಪ್ರಕರಣದ ಒಂದು ಎಳೆ ಈಗ ಕಾನೂನಿನ ಪುಸ್ತಕದಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಹಳೆಯ 321ನೇ ಕಲಂ 360ನೇ ಕಲಂ ಆಗಿದೆ. ಅದಕ್ಕೆ ಹೊಸದಾಗಿ ಒಂದು ಮಾತು ಸೇರಿದೆ: ಸಂತ್ರಸ್ತರಿಗೆ ಹೇಳಿಕೊಳ್ಳುವ ಅವಕಾಶ ಕೊಡದೆ ನ್ಯಾಯಾಲಯ ಕೇಸು ವಾಪಸಿಗೆ ಒಪ್ಪುವಂತಿಲ್ಲ. 2000ದಲ್ಲಿ ಒಬ್ಬ ಅಪ್ಪ ದೆಹಲಿಗೆ ಹೋಗಿ ಕೂಗಿ ಪಡೆಯಬೇಕಾಗಿದ್ದ ಸ್ಥಾನ ಈಗ ಹಕ್ಕಾಗಿದೆ. ಆದರೂ ಸರ್ಕಾರಗಳ ಚಾಳಿ ಬಿಟ್ಟಿಲ್ಲ. 2024ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ 43 ಪ್ರಕರಣಗಳ ವಾಪಸಿಗೆ ಆದೇಶ ಮಾಡಿತು, 2025ರ ಮೇನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಿಂದಿನ ಸರ್ಕಾರಗಳೂ ತಮಗೆ ಬೇಕಾದವರ ಕೇಸು ವಾಪಸ್ ಪಡೆಯುವುದರಲ್ಲಿ ಹಿಂದೆ ಬಿದ್ದವಲ್ಲ. ಪೆರೋಲ್ ವಿಷಯದಲ್ಲಂತೂ ಇಷ್ಟು ಬೆಳಕೂ ಇಲ್ಲ. ಅಲ್ಲಿ ತೀರ್ಮಾನ ಹೆಚ್ಚಾಗಿ ಜೈಲು ಅಧಿಕಾರಿಗಳ ಕಡತದಲ್ಲಿ, ಪೊಲೀಸ್ ವರದಿಯ ಮೇಲೆ ನಡೆದುಹೋಗುತ್ತೆ. ಸತ್ತವರ ಮನೆಯವರಿಗೆ ವಿಷಯ ಗೊತ್ತಾಗೋದು ಕೊಂದವನು ಬೀದಿಯಲ್ಲಿ ಎದುರಾದಾಗ. ಕೇಸು ವಾಪಸಿಗಿರುವ ನಿಯಮವನ್ನು ಪೆರೋಲಿಗೂ ತಂದರೆ ಯಾರಿಗೂ ನಷ್ಟವಿಲ್ಲ. ಕಾರಣ ಬರೆದಿಡಿ, ಸಂತ್ರಸ್ತರನ್ನು ಕೇಳಿ, ಆಮೇಲೆ ಬಿಡಿ. ಅರ್ಹ ಬಡ ಕೈದಿಗೂ ಇದರಿಂದ ಒಳ್ಳೆಯದೇ, ಯಾಕಂದ್ರೆ ಅವನ ಅರ್ಜಿಯನ್ನು ಯಾಕೆ ತಿರಸ್ಕರಿಸಿದರು ಎಂದೂ ಆಗ ಬರೆಯಬೇಕಾಗುತ್ತೆ.

ವೀರಪ್ಪನ್ ಪಟ್ಟಿಯಲ್ಲಿದ್ದ ತಿರುವಳ್ಳುವರ್ ಪ್ರತಿಮೆ ಬೆಂಗಳೂರಿನ ಹಲಸೂರಿನಲ್ಲಿ 2009ರ ಆಗಸ್ಟ್ 9ರಂದು ಅನಾವರಣವಾಯಿತು. ನಾಲ್ಕು ದಿನಕ್ಕೆ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಎದ್ದಿತು. ಎರಡು ಸರ್ಕಾರಗಳು ಕೂತು ಮಾತಾಡಿ ಮಾಡಿಕೊಂಡ ಕೆಲಸ ಅದು. ಯಾರ ತಲೆಗೂ ಬಂದೂಕು ಇಟ್ಟಿರಲಿಲ್ಲ. ರಾಜ್‌ಕುಮಾರ್ ಅದನ್ನು ನೋಡಲು ಇರಲಿಲ್ಲ. ಗಡಿಯಾಚೆಯ ಗಾಜನೂರಿನಲ್ಲಿ ಹುಟ್ಟಿ ಈ ಕಡೆಯವರೆಲ್ಲರ ಮನೆಯವರಾದ ಅವರು ಇದ್ದಿದ್ದರೆ ಸಂತೋಷಪಡುತ್ತಿದ್ದರು ಎಂದು ನಂಬಲು ಅಡ್ಡಿಯಿಲ್ಲ.